ಗೇಯಸಾಹಿತ್ಯವನ್ನು ಬರೆಯುವ ಕ್ರಮ

ಕಾವ್ಯವನ್ನು ಕಣ್ಣಿನಿಂದ ಓದಿ ಸವಿಯುವವರುಂಟು. ಹಾಡನ್ನು ಹಾಗೆ ಸವಿಯುವುದಾಗದು. ಅದು ಕಂಠದಿಂದ ಹೊರಟು ಕಿವಿಯನ್ನು ಸೇರಿದಾಗಲೇ ಹಾಡೆನಿಸಿಕೊಳ್ಳುವುದು. ಆದಕಾರಣ ಹಾಡನ್ನು ಕಾಗದದ ಮೇಲೆ ಇಳಿಸುವವನ ಹೊಣೆಯು ಕಾವ್ಯವನ್ನು ಅಚ್ಚುಹಾಕಿಸುವವನ ಹೊಣೆಗಿಂತ ಒಂದು ಪಾಲು ಹೆಚ್ಚಿನದು. ಕಾವ್ಯವನ್ನು ಓದುವವನು ಒಂದು ಪದದಲ್ಲಿ ಎಡವಿದರೆ ನಿಂತು, ಹಿಂದಕ್ಕೆ ಹೋಗಿ, ಮತ್ತೊಮ್ಮೆ ನೋಡಬಹುದು. ಹಾಡುವವನಿಗೆ ಆ ಬಿಡುವಿಲ್ಲ; ತಾಳವು ಅವನಿಗಾಗಿ ಕಾಯುವುದಿಲ್ಲ. ಕಣ್ಣು ಕಂಡುದನ್ನು ಕಂಠವು ಆ ಕ್ಷಣದಲ್ಲಿಯೇ ನುಡಿದುಬಿಡುವುದು. ಬರಹವು ತಪ್ಪಿದರೆ ನುಡಿಯೂ ತಪ್ಪುವುದು. ಹತ್ತು ಸಲ ಹಾಡಿದ ತಪ್ಪು ಹನ್ನೊಂದನೆಯ ಸಲ ಪಾಠವೇ ಆಗಿಬಿಡುವುದು.

ಕನ್ನಡದಲ್ಲಿ ದೇವರನಾಮಗಳ, ಕೀರ್ತನೆಗಳ, ಸಂಪ್ರದಾಯದ ಹಾಡುಗಳ ಪುಸ್ತಕಗಳಿಗೆ ಕೊರತೆಯಿಲ್ಲ. ಅವುಗಳನ್ನು ಕುರಿತ ವಿಮರ್ಶೆಯೂ ಸಾಕಷ್ಟು ನಡೆದಿದೆ. ಈ ಪದವು ಯಾವ ದಾಸರದು, ಅಂಕಿತವು ನಿಜವಾದದ್ದೇ, ಪಾಠಾಂತರಗಳಲ್ಲಿ ಯಾವುದು ಪ್ರಾಚೀನ ಎಂದು ವಿದ್ವಾಂಸರು ಶ್ರಮಪಟ್ಟಿದ್ದಾರೆ. ಆದರೆ ಈ ಪುಸ್ತಕವನ್ನು ಮುಂದಿಟ್ಟುಕೊಂಡು ಒಬ್ಬ ಗೃಹಿಣಿಯೋ ಒಬ್ಬ ಬಾಲಕನೋ ಸ್ಪಷ್ಟವಾಗಿ ಹಾಡಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಹಾಡಿನ ಪುಸ್ತಕಕ್ಕೆ ಇದಕ್ಕಿಂತ ಮೊದಲನೆಯ ಪ್ರಶ್ನೆ ಬೇರೆ ಯಾವುದಿರಬಲ್ಲುದು?

ಪ್ರಾಚೀನರು ಈ ವಿಷಯದಲ್ಲಿ ಎಚ್ಚರವಿಲ್ಲದವರಾಗಿರಲಿಲ್ಲ. ಪಾಣಿನೀಯ ಶಿಕ್ಷೆಯೆಂದು ಪ್ರಸಿದ್ಧವಾದ ಗ್ರಂಥವು ಒಳ್ಳೆಯ ಪಾಠಕನಿಗೆ ಇರಬೇಕಾದ ಆರು ಗುಣಗಳನ್ನು ಎಣಿಸುತ್ತದೆ. ದನಿ ಇಂಪಾಗಿರಬೇಕು, ಸ್ವರವು ಸರಿಯಾಗಿರಬೇಕು, ಲಯವು ಕೈಮೀರಬಾರದು, ಅಳುಕಿರಬಾರದು ಎಂಬ ನಾಲ್ಕನ್ನು ಇಂದಿನ ಸಂಗೀತಗಾರರೂ ಒಪ್ಪುವರು. ಉಳಿದೆರಡು, ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸಬೇಕೆಂಬುದು ಮತ್ತು ಪದಗಳು ತಕ್ಕ ಸ್ಥಳದಲ್ಲಿ ಬೇರ್ಪಡಬೇಕೆಂಬುದು. ಈ ಎರಡೇ ಇಂದು ಮರೆತುಹೋಗುತ್ತಿರುವುವು. ಅದೇ ಗ್ರಂಥವು ಅಧಮ ಪಾಠಕರನ್ನು ಎಣಿಸುವಾಗ ಅರ್ಥವರಿಯದೆ ಓದುವವನೊಡನೆ, ಬರೆದುದನ್ನು ನೋಡಿ ಓದುವವನನ್ನೂ ಸೇರಿಸಿದೆ. ಇದನ್ನು ಕಂಡು, ಹಾಗಾದರೆ ಬರೆಯುವುದೇ ತಪ್ಪೆಂದು ವಾದಿಸುವುದು ಸರಿಯಲ್ಲ. ಬರಹವು ಬಾಯಿಯ ಪಾಠಕ್ಕೆ ಎಷ್ಟು ಕೆಟ್ಟ ಬದಲಿಯಾಗಬಲ್ಲುದೆಂಬುದನ್ನು ಶಿಕ್ಷಾಕಾರನು ಅರಿತಿದ್ದನು, ಅಷ್ಟೆ. ಇಂದು ಬರಹವಿಲ್ಲದೆ ಗತಿಯಿಲ್ಲ. ಆದುದರಿಂದ ಆ ದೋಷವು ಆದಷ್ಟು ಕಡಮೆಯಾಗುವಂತೆ ಬರೆಯುವುದೇ ಉಳಿದಿರುವ ದಾರಿ.

ಅದಕ್ಕೆ ಮಾದರಿಯೂ ಪ್ರಾಚೀನರಲ್ಲಿಯೇ ದೊರೆಯುತ್ತದೆ. ವೇದಪಾಠದಲ್ಲಿ ಸಂಹಿತಾಪಾಠವೆಂದೂ ಪದಪಾಠವೆಂದೂ ಎರಡುಂಟು. ಸಂಹಿತೆಯಲ್ಲಿ ಪದಗಳು ಸಂಧಿಯಿಂದ ಬೆಸೆದುಕೊಂಡು ನಾದಪ್ರವಾಹವಾಗಿರುತ್ತವೆ. ಪದಪಾಠದಲ್ಲಿ ಅವೇ ಪದಗಳು ಸಂಧಿಯನ್ನು ಬಿಚ್ಚಿಕೊಂಡು ಒಂದೊಂದಾಗಿ ನಿಲ್ಲುತ್ತವೆ. ಋಗ್ವೇದದ ಪದಪಾಠವನ್ನು ಶಾಕಲ್ಯನು ಮಾಡಿದನೆಂಬುದು ಪರಂಪರೆ. ಇವುಗಳಲ್ಲಿ ಒಂದು ಇನ್ನೊಂದನ್ನು ಅಳಿಸಲಿಲ್ಲ. ನಾದಕ್ಕೆ ಸಂಹಿತೆ, ಅರ್ಥಕ್ಕೆ ಪದಪಾಠ. ಎರಡನ್ನೂ ಬಲ್ಲವನೇ ಪಾಠಕ. ಗೇಯಸಾಹಿತ್ಯದ ಲೇಖನಕ್ರಮವನ್ನು ಕುರಿತು ಹೇಳಬೇಕಾದುದೆಲ್ಲವೂ ಬೀಜರೂಪದಲ್ಲಿ ಇಲ್ಲಿಯೇ ಇದೆ.

ಕನ್ನಡ ಹಾಡುಗಳ ಬರಹದ ಚರಿತ್ರೆಯನ್ನು ನೋಡಿದರೆ ಈಗಿನ ದೋಷಗಳ ಮೂಲವು ತಿಳಿಯುತ್ತದೆ. ಓಲೆಗರಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿರಲಿಲ್ಲ. ಗರಿಯ ಈ ತುದಿಯಿಂದ ಆ ತುದಿಯವರೆಗೆ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತಿದ್ದುವು. ಎಕಾರಕ್ಕೂ ಏಕಾರಕ್ಕೂ, ಒಕಾರಕ್ಕೂ ಓಕಾರಕ್ಕೂ ಇರುವ ಭೇದವನ್ನು ಅನೇಕ ಗರಿಗಳು ತೋರಿಸುವುದಿಲ್ಲ. ಆದರೂ ಹಾನಿಯಾಗಲಿಲ್ಲ. ಏಕೆಂದರೆ ಓಲೆಯು ಕಂಠಸ್ಥವಾಗಿದ್ದುದನ್ನು ನೆನಪಿಗೆ ತರುವ ಸಾಧನವಾಗಿತ್ತೇ ಹೊರತು ತಿಳಿಯದವನಿಗೆ ಕಲಿಸುವ ಸಾಧನವಾಗಿರಲಿಲ್ಲ. 1850ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗನು ದಾಸರ ಪದಗಳನ್ನು ಅಚ್ಚಿನಲ್ಲಿ ಹೊರತಂದನು. ಆಮೇಲೆ ಉಡುಪಿಯಲ್ಲಿ ಪಾವಂಜೆ ಗುರುರಾಯರೂ, ಲಿಂಗಸುಗೂರಿನಲ್ಲಿ ಗೋರೆಬಾಳ ಹನುಮಂತರಾಯರೂ ಪಟ್ಟ ಪರಿಶ್ರಮದಿಂದ ನೂರಾರು ಹಾಡುಗಳು ಮನೆಮನೆಯನ್ನು ಸೇರಿದುವು. ಅವರ ಋಣವನ್ನು ಕನ್ನಡಿಗರು ಎಂದಿಗೂ ತೀರಿಸಲಾರರು. ಆದರೆ ಅವರ ಕಾಲದ ಓದುಗರಿಗೆ ಧಾಟಿಯು ಬಾಯಲ್ಲಿತ್ತು. ಸಾಹಿತ್ಯವನ್ನು ಉಳಿಸಿಕೊಡುವುದೇ ಆ ಸಂಗ್ರಾಹಕರ ಕೆಲಸವಾಗಿತ್ತು. ಇಂದಿನ ಓದುಗನಿಗೆ ಧಾಟಿಯೂ ಹೊಸದು, ಪದವೂ ಹೊಸದು. ಹಾಗಿದ್ದೂ ಅಚ್ಚಿನ ರೀತಿಯು ಮಾತ್ರ ಅಂದಿನದೇ ಆಗಿರುವುದು ವಿಚಾರಾರ್ಹವಾದ ಸಂಗತಿ.

ದೋಷಗಳಲ್ಲಿ ಮೊದಲನೆಯದು ಪದಚ್ಛೇದಕ್ಕೆ ಸಂಬಂಧಿಸಿದುದು. ಸಾಲು ಉದ್ದವಾಯಿತೆಂದು ಅಚ್ಚಿನವನು ಎಲ್ಲಿಯಾದರೊಂದು ಕಡೆ ಮುರಿಯುತ್ತಾನೆ. ಹಾಡುವವನು ಮುರಿದಲ್ಲಿ ಉಸಿರನ್ನು ತೆಗೆದುಕೊಳ್ಳುತ್ತಾನೆ. ನೀನಲ್ಲದೆ ಎಂಬ ಪದವನ್ನು ತೆಗೆದುಕೊಳ್ಳಬಹುದು. ನೀನಲ್ಲ ಎಂಬಲ್ಲಿ ಸಾಲು ಮುಗಿದು, ಉಳಿದ ದೆ ಎಂಬ ಒಂದಕ್ಷರವು ಮುಂದಿನ ಸಾಲಿಗೆ ಹೋಯಿತೆನ್ನೋಣ. ನೀನೇ ಗತಿಯೆಂದು ಮೊರೆಯಿಡುವ ಭಕ್ತನು ದೇವರ ಮುಂದೆ ನಿಂತು, ನೀನಲ್ಲ ಎಂದಂತಾಯಿತು. ನರಕಾಂತಕ ಎಂಬುದನ್ನು ನರ ಎಂಬಲ್ಲಿ ನಿಲ್ಲಿಸಿದರೆ ನರಕಕ್ಕೆ ಅಂತಕನಾದವನು ಮರೆಯಾಗಿ, ಅರ್ಥವಿಲ್ಲದ ಕಾಂತಕನೊಬ್ಬನು ಹುಟ್ಟಿಕೊಳ್ಳುವನು. ಇವು ನಗೆಗೆ ಕಾರಣವಾಗುವ ತಪ್ಪುಗಳು. ಇವುಗಳಿಗಿಂತ ಕಠಿನವಾದುದು, ಯಾರಿಗೂ ತಿಳಿಯದೆ ಅರ್ಥವನ್ನೇ ತಿರುಗುಮುರುಗು ಮಾಡುವ ತಪ್ಪು. ಧರ್ಮಾಧರ್ಮ ಎಂಬುದರಲ್ಲಿ ಧರ್ಮವೂ ಅಧರ್ಮವೂ ಸವರ್ಣದೀರ್ಘಸಂಧಿಯಿಂದ ಕೂಡಿವೆ. ಅಧರ್ಮದ ಅಕಾರವು ಮಾ ಎಂಬ ಅಕ್ಷರದ ದೀರ್ಘದೊಳಗೆ ಅಡಗಿದೆ. ಆ ಮಾ ಎಂಬಲ್ಲಿ ಉಸಿರು ತೆಗೆದುಕೊಂಡು ಮುಂದೆ ಹಾಡಿದವನು ಧರ್ಮ, ಧರ್ಮ ಎಂದು ಎರಡು ಸಲ ಹೇಳಿದನಲ್ಲದೆ ಅಧರ್ಮದ ಹೆಸರನ್ನೇ ಎತ್ತಲಿಲ್ಲ. ವಿದ್ಯಾವಿದ್ಯೆ ಎಂಬಲ್ಲಿಯೂ ಇದೇ ಅಪಾಯ. ಇನ್ನು ಅಚ್ಚಗನ್ನಡದ ಆದೇಶಸಂಧಿಯು ಬೇರೊಂದು ಬಲೆ. ಬೆಟ್ಟದಾವರೆ ಎಂಬುದು ಬೆಟ್ಟ, ತಾವರೆ ಎಂಬ ಎರಡು ಪದಗಳ ಕೂಟವೆಂದರಿಯದವನು ಬೆಟ್ಟದ ಎಂದು ನಿಲ್ಲಿಸಿ, ಆವರೆ ಎಂದು ಮುಂದುವರಿಯುವನು.

ಹಾಗಾದರೆ ಸಂಧಿಗಳನ್ನೆಲ್ಲ ಬಿಡಿಸಿ ಬರೆಯಬಹುದಲ್ಲ ಎಂದು ಕೆಲವರು ಹೇಳುವರು. ಹೊಸ ಪುಸ್ತಕಗಳಲ್ಲಿ ಕೆಲವು ಹಾಗೆ ಮಾಡಿಯೂ ಇವೆ. ಇದು ರೋಗಕ್ಕಿಂತ ಕೆಟ್ಟ ಮದ್ದು. ಊರೂರು ಎಂಬುದರಲ್ಲಿ ಐದು ಮಾತ್ರೆಗಳಿವೆ; ಊರು ಊರು ಎಂದು ಬಿಡಿಸಿದರೆ ಆರಾಗುತ್ತವೆ. ವಿದ್ಯಾವಿದ್ಯೆಯಲ್ಲಿ ಏಳು, ಬಿಡಿಸಿದರೆ ಎಂಟು. ಹೆಚ್ಚಾದ ಒಂದು ಮಾತ್ರೆಗೆ ತಾಳದಲ್ಲಿ ಮನೆಯೆಲ್ಲಿ? ಹಾಡುವವನು ಯಾವುದಾದರೊಂದು ಅಕ್ಷರವನ್ನು ನುಂಗಬೇಕಾಗುವುದು. ಎಲ್ಲರೂ ಅದೇ ಅಕ್ಷರವನ್ನು ನುಂಗುವರೆಂಬ ನಂಬಿಕೆಯೂ ಇಲ್ಲ. ಆದುದರಿಂದ ಹಾಡುವ ಸಾಲನ್ನು ಸಂಹಿತೆಯಾಗಿಯೇ ಉಳಿಸಬೇಕು. ತೊಡಕಿನ ಕೂಟಗಳನ್ನು ಮಾತ್ರ ಸಾಲಿನ ಅಡಿಯಲ್ಲಿಯೋ ಅಂಚಿನಲ್ಲಿಯೋ ಸಣ್ಣ ಅಕ್ಷರದಿಂದ ಬಿಡಿಸಿ ತೋರಿಸಬೇಕು. ಉದ್ದವಾದ ಸಮಾಸಗಳಲ್ಲಿ ಸಂಧಿಯಿಲ್ಲದ ಕಡೆ ಒಂದು ಕಿರುಗೆರೆಯನ್ನು ಎಳೆದರೆ ಸಾಕು.

ಎರಡನೆಯ ದೋಷವು ದೀರ್ಘಕ್ಕೆ ಸಂಬಂಧಿಸಿದುದು. ರಾಗದ ಎಳೆತಕ್ಕೂ ಅಕ್ಷರದ ದೀರ್ಘಕ್ಕೂ ಇರುವ ಭೇದವನ್ನು ಅನೇಕ ಪುಸ್ತಕಗಳು ಪಾಲಿಸುವುದಿಲ್ಲ. ಗಾಯಕನು ಪದ ಎಂಬುದರ ಮೊದಲಕ್ಷರವನ್ನು ಎರಡು ಎಣಿಕೆಯಷ್ಟು ಎಳೆದನೆಂದು, ಕೇಳಿ ಬರೆದುಕೊಂಡವನು ಪಾದ ಎಂದು ಬರೆಯುತ್ತಾನೆ. ಮನ ಎಂಬುದು ಮಾನವಾಗುತ್ತದೆ, ದನವು ದಾನವಾಗುತ್ತದೆ, ನಡು ನಾಡಾಗುತ್ತದೆ. ಇವೆಲ್ಲವೂ ಕನ್ನಡದಲ್ಲಿ ಅರ್ಥವುಳ್ಳ ಪದಗಳೇ ಆದುದರಿಂದ ತಪ್ಪನ್ನು ಕಂಡುಹಿಡಿಯುವ ಉಪಾಯವೇ ಇಲ್ಲದಂತಾಗುವುದು. ಸಂಬೋಧನೆಯಲ್ಲಿ ದೇವರ ಹೆಸರಿನ ಕೊನೆಯಕ್ಷರವನ್ನು ಎಳೆಯುವುದು ಬೇರೆ ಮಾತು. ಅಲ್ಲಿ ಪ್ಲುತವು ವ್ಯಾಕರಣಸಮ್ಮತವೇ ಆಗಿದೆ. ಮಿಕ್ಕ ಕಡೆ ಎಳೆತವನ್ನು ತೋರಿಸಲು ಬೇರೆ ಚಿಹ್ನೆ ಬೇಕು. ಜನಪದ ಗೀತಗಳನ್ನು ಅಚ್ಚಿಗೆ ತಂದವರು ಇದಕ್ಕಾಗಿ ಽ ಎಂಬ ಅವಗ್ರಹಚಿಹ್ನೆಯನ್ನು ಬಳಸಿರುವುದುಂಟು. ಹಿಂದುಸ್ತಾನಿ ಸಂಗೀತದಲ್ಲಿ ವಿಷ್ಣು ನಾರಾಯಣ ಭಾತಖಂಡೆಯವರು (1860–1936) ತಮ್ಮ ಕ್ರಮಿಕ ಪುಸ್ತಕ ಮಾಲಿಕೆಯಲ್ಲಿ ಸಾಹಿತ್ಯಾಕ್ಷರವು ಮುಂದಿನ ಎಣಿಕೆಗೂ ಸಾಗುವ ಕಡೆಯಲ್ಲೆಲ್ಲ ಇದೇ ಚಿಹ್ನೆಯನ್ನು ಇಟ್ಟಿರುವರು. ಪಽದ ಎಂದು ಬರೆದುದನ್ನು ಪಾದ ಎಂದು ಯಾರೂ ಭ್ರಮಿಸುವುದಿಲ್ಲ. ಇಷ್ಟು ಸುಲಭವಾದ ಉಪಾಯವನ್ನು ಕನ್ನಡದ ಹಾಡಿನ ಪುಸ್ತಕಗಳೆಲ್ಲ ಕೈಕೊಳ್ಳದಿರುವುದಕ್ಕೆ ಕಾರಣವಿಲ್ಲ.

ಮೂರನೆಯದು ಒತ್ತಕ್ಷರಗಳ ಮತ್ತು ಸೊನ್ನೆಯ ವಿಷಯ. ಇಲ್ಲಿ ಕನ್ನಡ ಲಿಪಿಯ ಒಂದು ಹಿರಿಮೆಯನ್ನು ಮೊದಲು ಹೇಳಬೇಕು. ಭಕ್ತಿ ಎಂಬ ಪದವನ್ನು ಅಕ್ಷರಗಳಾಗಿ ವಿಂಗಡಿಸಿದರೆ ಭ, ಕ್ತಿ ಎಂದಾಗುತ್ತದೆ. ಗಾಯನಕ್ಕೆ ಬೇಕಾದುದೂ ಇದೇ ವಿಂಗಡಣೆ. ನಾದವನ್ನು ನಿಲ್ಲಿಸಬಹುದಾದುದು ಭಕಾರದ ಮೇಲಿನ ಅಕಾರದಲ್ಲಿ. ಕಕಾರದಲ್ಲಿ ನಾದವು ನಿಲ್ಲಲಾರದು. ಸ್ವರವನ್ನು ಭಕಾರದ ಮೇಲೆಯೇ ನಡೆಸಿ, ಕ್ತಿ ಎಂಬುದನ್ನು ಅದರ ಎಣಿಕೆಗೆ ಸರಿಯಾಗಿ ನುಡಿದರೆ ಪದವು ಸ್ಫಟಿಕದಂತೆ ಕೇಳಿಸುವುದು. ಲಿಪಿಯು ತಾನಾಗಿಯೇ ಕಲಿಸುವ ಈ ಪಾಠವನ್ನು, ಭಕ್ ತಿ ಎಂದು ಅಕ್ಷರ ಬಿಡಿಸಿ ಬರೆದು ಕೆಡಿಸತಕ್ಕದ್ದಲ್ಲ.

ಆದರೆ ಅರ್ಕಾವೊತ್ತಿನಲ್ಲಿ ಲಿಪಿಯೇ ಸ್ವಲ್ಪ ಮೋಸಮಾಡುವುದು. ಧರ್ಮ ಎಂಬಲ್ಲಿ ನಾಲಗೆಗೆ ಮೊದಲು ಬರುವುದು ರಕಾರ. ಕಣ್ಣಿಗೆ ಮೊದಲು ಬೀಳುವುದು ಮಕಾರ. ಸಾಮಾನ್ಯ ಓದಿನಲ್ಲಿ ಇದು ತೊಡಕಲ್ಲ. ಸ್ವರಗಳ ಕೆಳಗೆ ಅಕ್ಷರಗಳನ್ನು ದೂರದೂರವಾಗಿ ಹರಡಿ ಬರೆದಾಗ ಎಳೆಯರು ತಡವರಿಸುವುದುಂಟು. ಅಂತಹ ಕಡೆ ರಕಾರವನ್ನೇ ಮೊದಲು ಬರೆದು, ಅದರ ಕೆಳಗೆ ಒತ್ತನ್ನು ಕೊಟ್ಟು ಧರ‍್ಮ ಎಂದು ಬರೆಯುವ ಇನ್ನೊಂದು ಕ್ರಮವು ಪ್ರಯೋಜನಕಾರಿ. ಸೊನ್ನೆಯ ಕಥೆಯು ಇದಕ್ಕಿಂತ ದೊಡ್ಡದು. ರಂಗ, ಪಂಚ, ಕಂಠ, ಅಂದ, ಅಂಬ ಎಂಬ ಐದರಲ್ಲಿಯೂ ಬರೆಯುವುದು ಒಂದೇ ಸೊನ್ನೆ. ನುಡಿಯುವುದು ಙ, ಞ, ಣ, ನ, ಮ ಎಂಬ ಐದು ಅನುನಾಸಿಕಗಳನ್ನು. ಮಾತಿನಲ್ಲಿ ಇದು ತಾನಾಗಿ ಸರಿಹೋಗುತ್ತದೆ. ಹಾಡಿನಲ್ಲಿ ರ ಮತ್ತು ಗ ಗಳ ನಡುವೆ ನಾಲ್ಕು ಎಣಿಕೆಗಳ ದೂರವಿದ್ದಾಗ, ಮುಂದಿನ ಅಕ್ಷರವು ಯಾವುದೆಂಬುದನ್ನು ಮರೆತ ಗಾಯಕನು ತುಟಿಮುಚ್ಚಿ ಮಕಾರವನ್ನು ಗುಂಯ್ಗುಡಿಸುತ್ತಾನೆ. ರಂಗನ ಹೆಸರು ರಮ್ ಎಂದು ನಿಂತು, ಆಮೇಲೆ ಗ ಎಂದು ಮುಗಿಯುವುದು. ಅಕ್ಷರಗಳನ್ನು ಹರಡಿ ಬರೆಯುವಾಗ ಎಳೆತದ ಚಿಹ್ನೆಯನ್ನು ಮೊದಲಿಟ್ಟು, ಸೊನ್ನೆಯನ್ನು ಗಕಾರದ ಬಳಿಗೆ ತಂದರೆ, ನಾದವು ಅಕಾರದಲ್ಲಿ ನಡೆದು ಅನುನಾಸಿಕವು ಕಡೆಯಲ್ಲಿ ಬರಬೇಕೆಂಬುದು ಕಣ್ಣಿಗೇ ತೋರುವುದು.

ಲಿಪಿಯಿಂದ ಲಿಪಿಗೆ ಹಾಡು ಹೋಗುವಾಗ ಸಂಭವಿಸುವ ಹಾನಿಯನ್ನೂ ಇಲ್ಲಿಯೇ ಗಮನಿಸಬಹುದು. ಕರ್ಣಾಟಕ ಸಂಗೀತದ ಸಾಹಿತ್ಯವು ಕನ್ನಡ, ತೆಲುಗು, ಸಂಸ್ಕೃತ, ತಮಿಳು ಮುಂತಾದ ಭಾಷೆಗಳಲ್ಲಿ ಹರಡಿದೆ. ಒಂದು ಭಾಷೆಯ ಹಾಡನ್ನು ಇನ್ನೊಂದರ ಲಿಪಿಯಲ್ಲಿ ಬರೆದುಕೊಳ್ಳುವುದು ನಿತ್ಯದ ಮಾತು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಎಂಬ ನಾಲ್ಕಕ್ಕೂ ಒಂದೇ ಅಕ್ಷರ. ಆದುದರಿಂದ ಅಲ್ಲಿಯ ಸಂಗೀತಪುಸ್ತಕಗಳಲ್ಲಿ ಅಕ್ಷರದ ಬಳಿ 2, 3, 4 ಎಂಬ ಅಂಕಿಗಳನ್ನಿಟ್ಟು ಭೇದವನ್ನು ತೋರಿಸುವ ಪದ್ಧತಿಯುಂಟು. ಅದು ಮೆಚ್ಚತಕ್ಕ ಎಚ್ಚರಿಕೆ. ನಾಗರಿಯಲ್ಲಿ ಹ್ರಸ್ವವಾದ ಎ, ಒ ಗಳಿಗೆ ರೂಢಿಯ ಅಕ್ಷರವಿಲ್ಲ. ಕನ್ನಡದ ಬೆಳೆಯು ಅಲ್ಲಿ ಬೇಳೆಯಾಗಬಹುದು, ಕೊಡು ಎಂಬ ಬೇಡಿಕೆಯು ಕೋಡಾಗಬಹುದು. ಕನ್ನಡ ಲಿಪಿಗೆ ಈ ಎರಡು ಕೊರತೆಗಳೂ ಇಲ್ಲ. ಇಷ್ಟು ಸಮರ್ಥವಾದ ಲಿಪಿಯನ್ನು ಕೈಯಲ್ಲಿಟ್ಟುಕೊಂಡು ಶ, ಷ, ಸ ಗಳನ್ನೂ, ಲ, ಳ ಗಳನ್ನೂ ಮಹಾಪ್ರಾಣಗಳನ್ನೂ ಬೆರಸಿ ಅಚ್ಚುಹಾಕುವುದಕ್ಕೆ ಕ್ಷಮೆಯಿಲ್ಲ.

ನಾಲ್ಕನೆಯದು ಪುಟದ ವಿನ್ಯಾಸ. ಕಾಗದವನ್ನು ಉಳಿಸುವುದಕ್ಕಾಗಿ ಚರಣದ ಪಾದಗಳನ್ನು ಒಂದರ ಹಿಂದೊಂದು ಗದ್ಯದಂತೆ ಸೇರಿಸುವ ರೂಢಿಯಿದೆ. ಕನ್ನಡ ಛಂದಸ್ಸಿನಲ್ಲಿ ದ್ವಿತೀಯಾಕ್ಷರಪ್ರಾಸಕ್ಕೆ ಎಷ್ಟು ಮಾನ್ಯತೆಯಿದೆಯೆಂಬುದು ತಿಳಿದೇ ಇದೆ. ಕೀರ್ತನಕಾರರೂ ಅದನ್ನು ಆದರದಿಂದ ಪಾಲಿಸಿರುವರು. ಪಾದಗಳನ್ನು ಒಂದರ ಕೆಳಗೊಂದು ಒಂದೇ ಅಂಚಿನಿಂದ ಬರೆದರೆ ಪ್ರಾಸಾಕ್ಷರಗಳು ಕಂಬಗಳಂತೆ ಸಾಲಾಗಿ ನಿಲ್ಲುವುವು; ಮುಂದಿನ ಪಾದವು ಯಾವ ಅಕ್ಷರವನ್ನು ಹಿಡಿದು ಬರುವುದೆಂದು ಕಣ್ಣಿಗೆ ಮೊದಲೇ ಗೊತ್ತಾಗುವುದು. ಅಲ್ಲದೆ ಯಾವ ಪಾದದಲ್ಲಿಯಾದರೂ ಪ್ರಾಸವು ತಪ್ಪಿದ್ದರೆ ಪಾಠವು ಕೆಟ್ಟಿದೆಯೆಂಬ ಸಂಶಯವೂ ಕೂಡಲೇ ಹುಟ್ಟುವುದು. ಗದ್ಯದಂತೆ ಸೇರಿಸಿದ ಪುಟದಲ್ಲಿ ಈ ಎರಡು ಉಪಕಾರಗಳೂ ನಷ್ಟವಾಗುವುವು.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯುಂಟು. ಚರಣದ ಕೊನೆಯಲ್ಲಿ ಪ ಎಂದೊಂದು ಅಕ್ಷರವನ್ನಿಟ್ಟು ಪಲ್ಲವಿಗೆ ಹಿಂದಿರುಗಬೇಕೆಂದು ಸೂಚಿಸುವುದು ವಾಡಿಕೆ. ಎಷ್ಟೋ ದೇವರನಾಮಗಳಲ್ಲಿ ಚರಣದ ವಾಕ್ಯವು ಚರಣದಲ್ಲಿ ಮುಗಿಯುವುದೇ ಇಲ್ಲ. ಕರ್ತೃವೂ ಕರ್ಮವೂ ಚರಣದಲ್ಲಿದ್ದು ಕ್ರಿಯಾಪದವು ಪಲ್ಲವಿಯಲ್ಲಿರುತ್ತದೆ. ಪಲ್ಲವಿಯ ಯಾವ ಪದದಿಂದ ಎತ್ತಿಕೊಂಡರೆ ವಾಕ್ಯವು ಕೂಡಿಬರುವುದೆಂಬುದನ್ನು ಹಾಡುವವನು ಅರಿಯಬೇಕು. ಅರಿಯದವನು ಚರಣವನ್ನು ಮುಗಿಸಿ, ನಿಂತು, ಉಸಿರೆಳೆದು, ಹೊಸ ವಾಕ್ಯವೆಂಬಂತೆ ಪಲ್ಲವಿಯನ್ನು ಎತ್ತುವನು. ರುಂಡವೊಂದು ಕಡೆ, ಮುಂಡವೊಂದು ಕಡೆಯಾಗುವುದು. ಪ ಎಂಬ ಅಕ್ಷರದ ಬದಲು ಪಲ್ಲವಿಯ ಮೊದಲ ಎರಡು ಪದಗಳನ್ನೇ ಮತ್ತೆ ಅಚ್ಚುಮಾಡಿದರೆ ತಗಲುವ ಶಾಯಿ ಎಷ್ಟು?

ಸ್ವರಲಿಪಿಯೊಡನೆ ಬರುವ ಪುಸ್ತಕಗಳ ಮಾತು ಬೇರೆ. 1904ರಲ್ಲಿ ಎಟ್ಟಯಾಪುರದಿಂದ ತೆಲುಗು ಲಿಪಿಯಲ್ಲಿ ಪ್ರಕಟವಾದ ಸುಬ್ಬರಾಮ ದೀಕ್ಷಿತರ ಸಂಗೀತಸಂಪ್ರದಾಯಪ್ರದರ್ಶಿನಿಯು ಗಮಕಗಳಿಗೂ ಚಿಹ್ನೆಗಳನ್ನು ಕಲ್ಪಿಸಿಕೊಟ್ಟ ಮಹಾಗ್ರಂಥ. ಅಂತಹ ಪುಸ್ತಕಗಳಲ್ಲಿ ಸ್ವರಗಳ ಕೆಳಗೆ ಸಾಹಿತ್ಯದ ಅಕ್ಷರಗಳು ತಾಳದ ಮನೆಗಳಿಗೆ ಸರಿಯಾಗಿ ಹಂಚಿಹೋಗಿರುತ್ತವೆ, ಹಂಚಿಹೋಗಲೇಬೇಕು. ಆದಿತಾಳದ ಎಂಟು ಎಣಿಕೆಗಳ ನಡುವಿನ ಗೆರೆಯು ಪದದ ಹೊಟ್ಟೆಯನ್ನು ಸೀಳಿದರೂ ಅದು ಅಲ್ಲಿ ತಪ್ಪಲ್ಲ. ಆದರೆ ಆ ಪುಟವನ್ನು ನೋಡಿ ಪದವನ್ನು ಗುರುತಿಸುವುದು ದುಸ್ಸಾಧ್ಯ. ಆದಕಾರಣ ಸ್ವರಪುಟಕ್ಕೆ ಎದುರಾಗಿ ಸಾಹಿತ್ಯವನ್ನು ಪದಗಳು ತಿಳಿಯುವಂತೆ ಬೇರೆಯಾಗಿ ಕೊಡುವುದು ಅತ್ಯವಶ್ಯಕ. ಸ್ವರಪುಟವು ಸಂಹಿತೆ, ಎದುರಿನದು ಪದಪಾಠ. ಒಂದನ್ನು ಮಾತ್ರ ಕೊಡುವ ಪುಸ್ತಕವು ಅರ್ಧ ಪುಸ್ತಕ.

ಅನೇಕರು ಒಟ್ಟಾಗಿ ಹಾಡುವ ಸಂದರ್ಭದಲ್ಲಿ ಈ ಕ್ರಮದ ಅಗತ್ಯವು ಇಮ್ಮಡಿಯಾಗುವುದು. ಒಬ್ಬನೇ ಹಾಡುವವನು ತಪ್ಪಿದರೆ ತಾನೇ ತಿದ್ದಿಕೊಳ್ಳಬಹುದು. ಐವತ್ತು ಮಂದಿ ಐವತ್ತು ಕಡೆ ಉಸಿರು ತೆಗೆದುಕೊಂಡರೆ ಹಾಡು ಗುಜುಗುಜು ಸದ್ದಾಗುವುದು. 2004ರಲ್ಲಿ ನಾಡಗೀತೆಯಾಗಿ ಅಂಗೀಕೃತವಾದ ಕುವೆಂಪು ಅವರ ಗೀತಕ್ಕೆ 2022ರಲ್ಲಿ ಸರಕಾರವು ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಗೊತ್ತುಪಡಿಸಿತು. ಬಹುಕಾಲದ ಚರ್ಚೆಗೆ ಅದರಿಂದ ಒಂದು ನೆಲೆ ಸಿಕ್ಕಿತು. ಆದರೆ ಧಾಟಿಯೂ ಕಾಲವೂ ಗೊತ್ತಾದ ಮಾತ್ರಕ್ಕೆ ಪದಗಳು ಸ್ಪಷ್ಟವಾಗವು. ಮಕ್ಕಳ ಕೈಗೆ ಕೊಡುವ ಹಾಳೆಯಲ್ಲಿ ಎಲ್ಲಿ ಉಸಿರು, ಎಲ್ಲಿ ಎಳೆತ, ಯಾವ ಸಾಲು ಎರಡು ಸಲ ಎಂಬುದನ್ನು ಗುರುತುಮಾಡಿಕೊಡುವ ಉಪಾಧ್ಯಾಯನೇ ಆ ಕೆಲಸವನ್ನು ಪೂರ್ಣಗೊಳಿಸುವನು.

ಇಷ್ಟೆಲ್ಲ ಏಕೆ, ಗುರುಮುಖದಿಂದ ಕಲಿತರೆ ಸಾಲದೇ ಎಂಬ ಆಕ್ಷೇಪವು ಪ್ರಬಲವಾದುದು; ಅದನ್ನು ಅಲ್ಲಗಳೆಯುವಂತಿಲ್ಲ. ಗುರುವು ಎದುರಿಗಿದ್ದರೆ ಪುಸ್ತಕವು ಹೇಗಿದ್ದರೂ ನಡೆಯುವುದು. ತ್ಯಾಗರಾಜರ (1767–1847) ಕೀರ್ತನೆಗಳು ವಾಲಾಜಾಪೇಟೆಯ ಶಿಷ್ಯರ ಹಸ್ತಪ್ರತಿಗಳಲ್ಲಿ ಉಳಿದುಬಂದುದು ನಿಜ; ಆ ಪ್ರತಿಗಳು ಗುರುವಿನ ಧ್ವನಿಯನ್ನು ಕಿವಿಯಾರೆ ಕೇಳಿದವರ ಬರಹವಾಗಿದ್ದುವೆಂಬುದನ್ನು ಮರೆಯಬಾರದು. ಇಂದು ಬಹು ಮನೆಗಳಲ್ಲಿ ಗುರುವಿನ ಸ್ಥಾನದಲ್ಲಿರುವುದು ಪುಸ್ತಕ, ಇಲ್ಲವೆ ಕೈಯೊಳಗಣ ದೂರವಾಣಿಯ ತೆರೆ. ಆ ತೆರೆಯ ಮೇಲೆ ಸಾಲುಗಳು ಪುಸ್ತಕಕ್ಕಿಂತಲೂ ಕುಗ್ಗಿ, ಎಲ್ಲೆಂದರಲ್ಲಿ ಮುರಿಯುತ್ತವೆ. ಗುರುವು ದೂರವಾದಷ್ಟೂ ಬರಹವು ಗುರುವಿನ ಎಚ್ಚರವನ್ನು ತಾನು ವಹಿಸಿಕೊಳ್ಳಬೇಕಾಗುವುದು.

ಹೀಗೆ ಗುರುತುಮಾಡುವುದರಿಂದ ಗಾಯಕನ ಸ್ವಾತಂತ್ರ್ಯಕ್ಕೆ ಭಂಗವುಂಟೆಂದು ಶಂಕಿಸುವವರೂ ಇರಬಹುದು. ಮಾರ್ಗವನ್ನು ಬಲ್ಲ ವಿದ್ವಾಂಸನು ನೆರವಲಿನಲ್ಲಿ ಒಂದೇ ಸಾಲನ್ನು ಹತ್ತು ಬಗೆಯಾಗಿ ಹರಡುತ್ತಾನೆ. ಆದರೆ ಒಳ್ಳೆಯ ವಿದ್ವಾಂಸನು ಆಗಲೂ ಅರ್ಥವು ಮುರಿಯುವ ಕಡೆ ನಿಲ್ಲುವುದಿಲ್ಲ. ಪದದ ಗಡಿಯನ್ನು ಅರಿತವನಿಗೇ ಅದರೊಳಗೆ ವಿಹರಿಸುವ ಸ್ವಾತಂತ್ರ್ಯ. ಅರಿಯದವನದು ಸ್ವಾತಂತ್ರ್ಯವಲ್ಲ, ದಾರಿತಪ್ಪುವಿಕೆ.

ಈ ಸುಧಾರಣೆಯು ಮುದ್ರಣಾಲಯಗಳಿಂದಲೇ ಮೊದಲಾಗಬೇಕೆಂದು ಕಾದಿರಬೇಕಾಗಿಲ್ಲ. ಮನೆಗಳಲ್ಲಿ ತಾಯಂದಿರು ಮಗಳಿಗಾಗಿ, ಸೊಸೆಗಾಗಿ ಬರೆದಿಡುವ ಹಾಡಿನ ಪುಸ್ತಕಗಳೇ ಇದಕ್ಕೆ ತಕ್ಕ ಕ್ಷೇತ್ರ. ಬರೆಯುವ ಮುನ್ನ ಹಾಡನ್ನು ಒಮ್ಮೆ ರಾಗವಿಲ್ಲದೆ, ಮಾತಿನಂತೆ ಓದಬೇಕು; ಅರ್ಥವಾಗದ ಪದವನ್ನು ತಿಳಿದವರಲ್ಲಿ ಕೇಳಬೇಕು. ಒಂದು ಪಾದಕ್ಕೆ ಒಂದು ಸಾಲು. ಸಾಲು ಹಿಡಿಸದಿದ್ದರೆ ಪದ ಮುಗಿದಲ್ಲಿ ಮುರಿಯಬೇಕು. ಉಸಿರಿನ ತಾಣಕ್ಕೆ ಒಂದು ನಿಲುಗೆರೆ, ಎಳೆತಕ್ಕೆ ಅವಗ್ರಹ, ತೊಡಕಿನ ಸಂಧಿಗೆ ಅಂಚಿನಲ್ಲಿ ಬಿಡಿಸಿದ ರೂಪ, ಚರಣದ ಕೊನೆಗೆ ಪಲ್ಲವಿಯ ಮೊದಲ ಪದಗಳು. ಕೊನೆಯ ಚರಣವನ್ನು ಎಂದಿಗೂ ಬಿಡಕೂಡದು. ಕವಿಯ ಅಂಕಿತವಿರುವುದು ಅಲ್ಲಿಯೇ. ಅಂಕಿತವು ಹೋದರೆ ಹಾಡಿನ ಒಡೆಯನೇ ಹೋದಂತೆ. ಇಷ್ಟಕ್ಕೆ ಬೇಕಾದುದು ಅರ್ಧ ಗಂಟೆಯ ತಾಳ್ಮೆ.

ದಾಸರು ಸಂಸ್ಕೃತದಲ್ಲಿ ಹುದುಗಿದ್ದ ತತ್ತ್ವವನ್ನು ಕನ್ನಡದಲ್ಲಿ ಹಾಡಿದುದು ಎಲ್ಲರಿಗೂ ತಿಳಿಯಲೆಂದು. ಕನ್ನಡವೇ ಮನೆಮಾತಾಗಿರುವವರ ಬಾಯಲ್ಲಿ ಆ ಕನ್ನಡವು ತಿಳಿಯದ ಸದ್ದಾಗಿ ಉಳಿದರೆ ಅವರ ಶ್ರಮವು ವ್ಯರ್ಥವಾಯಿತೆಂದೇ ಹೇಳಬೇಕು. ರಾಗವು ಕೆಟ್ಟರೆ ಬಲ್ಲವರು ಮರುಗುವರು; ಮಾತು ಕೆಟ್ಟರೆ ಹಾಡುವವನಿಗೂ ಕೇಳುವವನಿಗೂ ಗೊತ್ತಾಗದೆಯೇ ಹೋಗುವುದು. ಆದುದರಿಂದಲೇ ಮಾತಿನ ಕಾವಲು ಹಾಡನ್ನು ಬರೆಯುವವನ ಲೇಖನಿಗೆ ಸೇರಿದ ಕೆಲಸ.